ಹಾಲಮ್ಮ ಅನ್ನ ಬಿಟ್ಟ ಶ್ರಾವಣ

ಹೋದ ವರ್ಷ ಶಿಕಾರಿಪುರದ ಕಡೆ ಒಂದು ಮದುವೆಗೆ ಹೊರಟಿದ್ದೆ. ಬಸ್ಸು ಸವಳಂಗ ದಾಟಿ ಒಂದು ಅಡ್ಡರಸ್ತೆಯ ಬಾಯಲ್ಲಿ ನಿಂತಿತು. ಕಿಟಕಿಯಾಚೆ ಹೊಸ ಬೋರ್ಡು ಕಾಣಿಸಿತು. ಹಳದಿ ಬಣ್ಣದ ಮೇಲೆ ಕೆಂಪಕ್ಷರದಲ್ಲಿ ‘ಅನ್ನತ್ಯಾಗಿ ಮಹಾತಾಯಿ ಹಾಲಮ್ಮನವರ ಗದ್ದುಗೆಗೆ ದಾರಿ’ ಎಂದು ಬರೆದು ಕೆಳಗೊಂದು ಬಾಣ ಹಾಕಿದ್ದರು. ನಾನು ಅದನ್ನೇ ನೋಡುತ್ತಿದ್ದದ್ದು ಕಂಡು ಕಂಡಕ್ಟರ್ ಕೇಳಿದ, “ಇಳೀತೀರೇನ್ರಿ ಅಮ್ಮ? ಇವತ್ತು ಸೋಮವಾರ, ದಾಸೋಹ ಐತೆ. ಪಾಯಸದ ಊಟ.” ಬ್ಯಾಡಪ್ಪ ಅಂದೆ. ಪಕ್ಕದ ಸೀಟಿನ ಹೆಂಗಸು ಬೋರ್ಡಿನ ಕಡೆ ಕೈ ಮುಗಿದು, “ಇಪ್ಪತ್ತು ದಿನ ಒಂದಗಳು ಮುಟ್ಟಲಿಲ್ಲವಂತ್ರಿ ಆ ತಾಯಿ” ಎಂದು ನನಗೆ ತಿಳಿಸಿಕೊಟ್ಟಳು.

ಮುಟ್ಟಿದ್ದಳು. ಗಂಜಿ ಕುಡಿಸಿದವಳು ನಾನೇ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಇನ್ನು ಬಾಯಿ ಮುಚ್ಚಿಕೊಂಡು ಯಾರನ್ನು ಉದ್ಧಾರ ಮಾಡಬೇಕಾಗಿದೆ ಎಂದು ಬರೆಯಲು ಕೂತಿದ್ದೇನೆ.

ಅದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷ. ನನಗೆ ಇಪ್ಪತ್ತನಾಲ್ಕು. ದಾದಿಯ ತರಬೇತಿ ಮುಗಿಸಿ ಜಗಳೂರಿನಿಂದ ಒಂದು ಟ್ರಂಕು ಹೊತ್ತು ಬಂದವಳಿಗೆ ಸರ್ಕಾರ ತೋರಿಸಿದ್ದು ಸವಳಂಗದಿಂದ ಮೂರು ಮೈಲಿ ಒಳಗಿನ ಹಳ್ಳಿ. ಆಗ ಅದೆಲ್ಲ ಹೊನ್ನಾಳಿ ತಾಲ್ಲೂಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಗಂಡಸರನ್ನು ಜೀಪಿಗೆ ತುಂಬಿ ಮಕ್ಕಳಾಗದ ಆಪರೇಷನ್ನಿಗೆ ಒಯ್ದಿದ್ದರಲ್ಲ, ಬಿಳಿ ಸೀರೆ ಕಂಡರೆ ಸಾಕು, ಜನ ಹಿತ್ತಲ ಬಾಗಿಲಿಂದ ಹೊಲದ ಹಾದಿ ಹಿಡಿಯುತ್ತಿದ್ದರು. ನಾನು ಯಾರಿಗೂ ಒಂದು ಸೂಜಿ ಚುಚ್ಚುವ ಮೊದಲೇ ನನಗೆ ‘ಆಪರೇಷನ್ ನರ್ಸಮ್ಮ’ ಎಂಬ ಹೆಸರು ಬಿದ್ದಿತ್ತು. ಆ ಊರಲ್ಲಿ ನನ್ನ ಮಾತಿಗೆ ಎಷ್ಟು ಬೆಲೆ ಇತ್ತು ಎಂಬುದನ್ನು ಇದರಲ್ಲೇ ತಿಳಿಯಬಹುದು.

ಉಪಕೇಂದ್ರ ಎಂದರೆ ಪಂಚಾಯ್ತಿ ಮೆಂಬರ್ ರುದ್ರಪ್ಪನವರ ಮನೆಗೆ ಅಂಟಿಕೊಂಡ ಒಂದು ಕೋಣೆ. ಅಲ್ಲೇ ಔಷಧಿ, ಅಲ್ಲೇ ನನ್ನ ಹಾಸಿಗೆ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟವ್ವು. ಹಿತ್ತಲು ಮಾತ್ರ ಎರಡೂ ಮನೆಗೆ ಒಂದೇ. ರುದ್ರಪ್ಪನ ತಾಯಿ ಹಾಲಮ್ಮ ಸುತ್ತಲ ನಾಲ್ಕು ಹಳ್ಳಿಗೆ ಸೂಲಗಿತ್ತಿ. ಹದಿನೆಂಟಕ್ಕೆ ರುದ್ರಪ್ಪನನ್ನು ಹೆತ್ತವಳು, ಅವನಿಗೆ ಮೂವತ್ತಾರು ಎಂದರೆ ಅವಳಿಗೆ ಐವತ್ತನಾಲ್ಕು. ಹೆರುವ ಹೆಣ್ಣಿನ ಮನೆಯಿಂದ ಕರೆ ಬಂದರೆ ಜಾತಿ ಕೇಳುತ್ತಿರಲಿಲ್ಲ, ಹೊತ್ತು ಕೇಳುತ್ತಿರಲಿಲ್ಲ. ಸೀರೆ ಎತ್ತಿ ಕಟ್ಟಿ ಹೊರಟುಬಿಡುತ್ತಿದ್ದಳು. ನಾನು ಬಂದ ಹೊಸದರಲ್ಲಿ ನನ್ನ ರಬ್ಬರ್ ಗ್ಲೌಸು ನೋಡಿ ಊರಿಗೆಲ್ಲ ಕೇಳುವ ಹಾಗೆ ನಕ್ಕಿದ್ದಳು. “ಕೈಗೆ ಚೀಲ ಹಾಕ್ಕೊಂಡು ಕೂಸು ಹಿಡೀತಾಳಂತೆ. ತಾನು ಇನ್ನೂ ಮದುವಿ ಆಗಿಲ್ಲ, ಊರೋರಿಗೆ ಹೆರಿಗೆ ಮಾಡ್ಸಾಕೆ ಬಂದಾಳೆ.” ಹೀಗೆ ಅಂದವಳೇ ಸಂಜೆ ಬಿಸಿ ರೊಟ್ಟಿ, ಎಣ್ಣೆಗಾಯಿ ತಂದು ಕೊಡುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಇತ್ತು, ಅವಳ ರೊಟ್ಟಿಯ ಆಸೆಯೂ ಇತ್ತು.

ಆ ವರ್ಷ ಜೂನಿನಲ್ಲಿ ಮಿರಗದ ಮಳೆ ಹಿಡಿದ ವಾರ ನಾನು ಹೊನ್ನಾಳಿಯ ಮೀಟಿಂಗಿಗೆ ಹೋಗಿದ್ದೆ. ಅತ್ತ ಊರಲ್ಲಿ ಸುಮಿತ್ರ ಎಂಬ ಹುಡುಗಿಗೆ ಹೆರಿಗೆಯಾಯಿತು. ಚೊಚ್ಚಲು, ಹತ್ತೊಂಬತ್ತು ವರ್ಷ. ಕೂಸನ್ನು ಹಾಲಮ್ಮ ಸಲೀಸಾಗಿ ಹಿಡಿದಳು. ಆಮೇಲೆ ರಕ್ತ ನಿಲ್ಲಲಿಲ್ಲ. ಗಾಡಿ ಕಟ್ಟಿ ನ್ಯಾಮತಿಗೆ ಹೊರಟರು, ಹಳ್ಳದಲ್ಲಿ ನೀರು ಬಂದಿತ್ತು, ದಾಟುವುದರೊಳಗೆ ಮುಗಿಯಿತು. ನಾನು ಬಸ್ಸಿಳಿದು ಬರುವಾಗ ಸುಮಿತ್ರನ ಮನೆಯ ಅಂಗಳದಲ್ಲಿ ಜನ ತುಂಬಿದ್ದರು. ಎಲ್ಲರ ಎದುರಿಗೆ ನಾನು ಅಂದ ಮಾತು ಈಗಲೂ ನನ್ನ ಕಿವಿಯಲ್ಲಿದೆ: “ಆಸ್ಪತ್ರೆಗೆ ಕರಕೊಂಡು ಹೋಗ್ರಿ ಅಂತ ಬಡ್ಕೊಂಡೆ. ಇವ್ರ ಕೈಗೆ ಕೊಟ್ರೆ ಹಿಂಗೇ ಆಗೋದು.” ಹಾಲಮ್ಮ ಅಲ್ಲೇ ಕಂಬದ ಹತ್ತಿರ ನಿಂತಿದ್ದಳು. ಸೀರೆಯ ಮೇಲೆ ಇನ್ನೂ ರಕ್ತವಿತ್ತು.

ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲಿ ಆ ಊರಿನಲ್ಲಿ ನಾನಿದ್ದಿದ್ದರೂ ಸುಮಿತ್ರ ಉಳಿಯುತ್ತಿರಲಿಲ್ಲ. ನನ್ನ ಪೆಟ್ಟಿಗೆಯಲ್ಲಿ ಅಷ್ಟು ರಕ್ತ ನಿಲ್ಲಿಸುವ ಔಷಧಿ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಆದರೂ ಆಪರೇಷನ್ ನರ್ಸಮ್ಮನಿಗೆ ಮೊದಲ ಸಲ ಜನ ಕಿವಿ ಕೊಟ್ಟಿದ್ದರು, ಆ ರುಚಿಗೆ ನಾಲಿಗೆ ಹರಿಯಿತು.

ಅಂದಿನಿಂದ ಹಾಲಮ್ಮನನ್ನು ಯಾರೂ ಕರೆಯಲಿಲ್ಲ. ಬರೀ ಹೆರಿಗೆಗೆ ಮಾತ್ರವಲ್ಲ, ಅರಿಶಿನ ಕುಂಕುಮಕ್ಕೂ ಇಲ್ಲ, ತೊಟ್ಟಿಲಿಗೂ ಇಲ್ಲ. ಸುಮಿತ್ರನ ತಂದೆ ಬಸಪ್ಪ ಇವರ ಮನೆ ಮುಂದೆ ಹಾಯುವುದನ್ನು ಬಿಟ್ಟು ಸುತ್ತು ಹಾದಿಯಲ್ಲಿ ಹೊಲಕ್ಕೆ ಹೋಗತೊಡಗಿದ. ಹಾಲಮ್ಮ ಮೊದಮೊದಲು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದಳು. ಆಷಾಢ ಬರುವ ಹೊತ್ತಿಗೆ ಕಟ್ಟೆಗೂ ಬರಲಿಲ್ಲ. ತಲೆ ಬಾಚುವುದು ಬಿಟ್ಟಳು, ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಕೋಳಿಗಳಿಗೆ ಕಾಳು ಹಾಕಲು ಸೊಸೆ ಶಾಂತಮ್ಮ ನೆನಪು ಮಾಡಿದರೆ, “ಹಾಕಿದ್ರೆ ಏನಾಗ್ತೈತೆ” ಅನ್ನುತ್ತಿದ್ದಳು. ಅನ್ನ ಬಾಯಿಗಿಟ್ಟರೆ ಮಣ್ಣು ಅಗಿದ ಹಾಗಾಗುತ್ತದೆ ಎಂದು ನನಗೇ ಒಮ್ಮೆ ಹೇಳಿದಳು. ನಾನು ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟೆ. ನನ್ನ ತರಬೇತಿಯ ಪುಸ್ತಕದಲ್ಲಿ ಮನಸ್ಸು ಎಂಬುದಕ್ಕೆ ಒಂದು ಪುಟವೂ ಇರಲಿಲ್ಲ.

ಮುಂದಿನ ಮೀಟಿಂಗಿನಲ್ಲಿ ಹೊನ್ನಾಳಿಯ ಡಾಕ್ಟರನ್ನು ಕೇಳಿದೆ. ವಯಸ್ಸಾದವರು, ನಿಧಾನದ ಮನುಷ್ಯ. ಹೆಸರು ಹೇಳದೆ, ನಮ್ಮೂರಲ್ಲಿ ಒಬ್ಬರಿಗೆ ಹೀಗೀಗಾಗಿದೆ ಅಂದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ನಿದ್ದೆ ಹೇಗಿದೆ, ಸಾಯುವ ಮಾತು ಆಡುತ್ತಾರಾ, ಯಾರಾದರೂ ಜೊತೆಗಿದ್ದಾರಾ ಎಂದೆಲ್ಲ ಕೇಳಿದರು. “ಇದು ಸೋಮಾರಿತನ ಅಲ್ಲಮ್ಮ, ದೆವ್ವನೂ ಅಲ್ಲ. ಕಾಯಿಲೆ. ಇದಕ್ಕೆ ಮಾತ್ರೆ ಇದೆ. ಕರಕೊಂಡು ಬಾ, ದಾವಣಗೆರೆಯಲ್ಲಿ ನನಗೆ ಗೊತ್ತಿರೋ ಡಾಕ್ಟರಿಗೆ ಕಾಗದ ಕೊಡ್ತೀನಿ” ಅಂದರು. ನಾನು ಆ ಮಾತನ್ನು ರುದ್ರಪ್ಪನಿಗೆ ಹೇಳಿದೆ. “ಶ್ರಾವಣ ಕಳೀಲಿ ತಗೋರಿ” ಅಂದ. ಕಳೆಯಲಿ ಎಂದು ನಾನೂ ಸುಮ್ಮನಾದೆ.

ಶ್ರಾವಣದ ಮೊದಲ ಸೋಮವಾರ ಊರೆಲ್ಲ ಉಪವಾಸ. ಹಾಲಮ್ಮನೂ ಊಟ ಮಾಡಲಿಲ್ಲ, ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಸಂಜೆ ಪೂಜೆ ಮುಗಿಸಿ ಎಲ್ಲರೂ ಎಡೆ ಮುಂದೆ ಕೂತಾಗ ಅವಳು ಏಳಲಿಲ್ಲ. ಮಂಗಳವಾರ ಏಳಲಿಲ್ಲ. ಬುಧವಾರವೂ ಇಲ್ಲ. ಕರೆದರೆ ಉತ್ತರವಿಲ್ಲ. ನೀರು ಕೊಟ್ಟರೆ ಎರಡು ಗುಟುಕು ಕುಡಿಯುತ್ತಿದ್ದಳು. ಬೇರೆ ಯಾವ ತಿಂಗಳಲ್ಲಾದರೂ ಊಟ ಬಿಟ್ಟಿದ್ದರೆ ಮೈಯಲ್ಲಿ ಹುಷಾರಿಲ್ಲ ಅನ್ನುತ್ತಿದ್ದರು, ಸೊಸೆಯ ಜೊತೆ ಜಗಳ ಅನ್ನುತ್ತಿದ್ದರು. ಶ್ರಾವಣ ಸೋಮವಾರ ಶುರುವಾದ ಕಾರಣಕ್ಕೆ ಅದು ವ್ರತವಾಯಿತು. ನಾಲ್ಕನೆಯ ದಿನ ಬಾವಿಯ ಹತ್ತಿರ ಒಬ್ಬ ಹೆಂಗಸು ಅಂದಳು, “ಹಾಲಮ್ಮವ್ವ ಅನ್ನ ಬಿಟ್ಟಾಳಂತೆ.” ಸಂಜೆಗೆ ಮಾತು ಬಸವಣ್ಣನ ಗುಡಿ ತಲುಪಿತು. ಅಲ್ಲಿ ಪುರಾಣ ಹೇಳಲು ಹೊರಗಿನಿಂದ ಬಂದಿದ್ದ ಶಾಸ್ತ್ರಿಗಳು ಅನ್ನ ನೀರು ತ್ಯಜಿಸಿ ಶಿವನಲ್ಲಿ ಒಂದಾದವರ ಕಥೆ ತೆಗೆದು, ಅಂಥ ತಾಯಿ ಈ ಊರಲ್ಲೇ ಇದ್ದಾಳೆ ಎಂದು ಮೈಕಿನಲ್ಲಿ ಸಾರಿದರು. ಅವರು ಹಾಲಮ್ಮನನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನದಿಂದ ಜನ. ವಿಭೂತಿ, ಕಾಯಿ, ಹೂವು ಹಿಡಿದು ಸಾಲಾಗಿ ಬಂದರು. ಮಾತಾಡದಿದ್ದರೆ ಮೌನವ್ರತ ಅಂದರು, ಗೋಡೆಗೆ ಮುಖ ಮಾಡಿದರೆ ಲೋಕಕ್ಕೆ ಬೆನ್ನು ತಿರುಗಿಸಿದ್ದಾಳೆ ಅಂದರು. ಅವಳ ಕಾಯಿಲೆಯ ಒಂದೊಂದು ಗುರುತಿಗೂ ಒಂದೊಂದು ಪುಣ್ಯದ ಹೆಸರು ಸಿಕ್ಕಿತು. ಎರಡು ತಿಂಗಳು ಇವರ ಮನೆಯ ನೀರು ಮುಟ್ಟದಿದ್ದವರು ಅವಳ ಕಾಲು ತೊಳೆದ ನೀರನ್ನು ಚೊಂಬಿನಲ್ಲಿ ಒಯ್ದರು. ಎಂಟನೆಯ ದಿನ ಬಸಪ್ಪ ಬಂದ. ಮಗಳು ಸತ್ತ ಮೇಲೆ ಆ ಹೊಸಿಲು ತುಳಿದದ್ದು ಅದೇ ಮೊದಲು. ಹಾಸಿಗೆಯ ಬಳಿ ಕೂತು ಹಾಲಮ್ಮನ ಪಾದಕ್ಕೆ ಹಣೆ ಹಚ್ಚಿ ಬಿಕ್ಕಿದ. ಹಾಲಮ್ಮನ ಕೈ ಮೆಲ್ಲಗೆ ಅವನ ತಲೆಯ ಮೇಲೆ ಬಂತು. ಹೊರಗೆ ಜೈಕಾರ ಕೂಗಿದರು.

ಮರುದಿನ ಬೆಳಿಗ್ಗೆ ನಾಡಿ ನೋಡಲು ಹೋದೆ. ಶಾಂತಮ್ಮ ಹಾಲು ಕರೆಯಲು ಹೋಗಿದ್ದಳು, ನಾವಿಬ್ಬರೇ. ಹಾಲಮ್ಮ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿ, ಕದ್ದು ಕೇಳುವವಳ ಹಾಗೆ ಅಂದಳು, “ನರ್ಸಮ್ಮಾ, ಒಂದೀಟು ಗಂಜಿ ಕುಡೀಬೇಕು ಅನ್ನಿಸ್ತೈತೆ.”

ನನಗೆ ಅಳು ಬಂತು. “ಈಗಲೇ ತರ್ತೀನಿ ದೊಡ್ಡಮ್ಮ” ಎಂದು ಎದ್ದೆ. ಅವಳು ನನ್ನ ಸೆರಗು ಹಿಡಿದಳು. “ಯಾರಿಗೂ ತಿಳೀಬಾರ್ದು. ಇಷ್ಟು ಜನ ಕಾಲಿಗೆ ಬಿದ್ದಾರೆ. ಈಗ ಹಸಿವು ಆಗ್ತೈತೆ ಅಂತ ಹೆಂಗೆ ಹೇಳ್ಲಿ?” ಆಗ ನಾನು, ಅವತ್ತು ಅಂಗಳದಲ್ಲಿ ನಾನು ಆಡಿದ್ದು ತಪ್ಪು, ನನ್ನಿಂದಲೂ ಸುಮಿತ್ರ ಉಳೀತಿರಲಿಲ್ಲ ಅಂದೆ. ಹಾಲಮ್ಮ ಸೆರಗು ಬಿಟ್ಟಳು. “ಅವತ್ತಿನ ಮಾತು ಒಳಗೆ ಬಂದು ಅಂದಿದ್ರೆ ಆಗ್ತಿತ್ತಲ್ಲ ನಮ್ಮವ್ವಾ” ಅಂದಳು.

ನನ್ನ ಕೋಣೆಯಲ್ಲಿ ಅಕ್ಕಿ ನುಚ್ಚಿನ ಗಂಜಿ ಕಾಯಿಸಿದೆ. ಒಯ್ಯುವುದು ಹೇಗೆ? ಸಿರಿಂಜು ಕುದಿಸುವ ಸ್ಟೀಲ್ ಡಬ್ಬಿ ಇತ್ತು. ಅದಕ್ಕೇ ಸುರಿದು, ಮೇಲೆ ಹತ್ತಿ ಮುಚ್ಚಿ, ಸೂಜಿ ಹಾಕಬೇಕು, ಎಲ್ಲರೂ ಹೊರಗೆ ಹೋಗ್ರಿ ಅಂದೆ. ವ್ರತಕ್ಕೆ ಸೂಜಿ ಭಂಗವೇ ಎಂಬ ಪ್ರಶ್ನೆ ಎದ್ದು, ಸೂಜಿ ಬಾಯಿಂದ ಒಳಗೆ ಹೋಗುವುದಿಲ್ಲವಾದ್ದರಿಂದ ದೋಷವಿಲ್ಲ ಎಂದು ಶಾಸ್ತ್ರಿಗಳು ತೀರ್ಪು ಕೊಟ್ಟಿದ್ದರು. ಬಾಗಿಲು ಹಾಕಿಕೊಂಡು ಚಮಚದಲ್ಲಿ ಕುಡಿಸಿದೆ. ಮೊದಲ ದಿನ ಐದು ಚಮಚ, ಮರುದಿನ ಹತ್ತು. ಮೂರನೆಯ ದಿನ, “ಉಪ್ಪು ಕಮ್ಮಿ ಆಗೈತೆ, ನಿನ್ನ ಮದುವಿ ಆಗೋನ ಗತಿ ಏನು” ಅಂದಳು. ಎರಡು ತಿಂಗಳಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಬಾಗಿಲ ಹಿಂದೆ ನಾವಿಬ್ಬರೂ ಬಾಯಿಗೆ ಸೆರಗು ಒತ್ತಿ ನಕ್ಕೆವು.

ಆದರೆ ಆ ಗಂಜಿಯೇ ಮುಳುವಾಯಿತು. ಹನ್ನೊಂದು ದಿನ ಉಪವಾಸವಿದ್ದರೂ ತಾಯಿಯ ಮುಖದಲ್ಲಿ ಕಳೆ ಏರುತ್ತಿದೆ, ಇದು ಪವಾಡ ಎಂದು ಸುದ್ದಿ ಹಬ್ಬಿತು. ನ್ಯಾಮತಿಯಿಂದ, ಚನ್ನಗಿರಿ ಕಡೆಯಿಂದ ಬಾಡಿಗೆ ವ್ಯಾನುಗಳಲ್ಲಿ ಬಂದರು. ಶ್ರಾವಣದ ಕೊನೆಯ ಸೋಮವಾರ, ಪುರಾಣದ ಮಂಗಲದ ದಿನವೇ ತಾಯಿ ಲಿಂಗದಲ್ಲಿ ಒಂದಾಗುತ್ತಾಳೆ ಎಂದು ತಾವೇ ನಿರ್ಧರಿಸಿದರು. ಹೊಲದ ಬದುವಿನಲ್ಲಿ ಅವಳನ್ನು ಸಮಾಧಿಯಲ್ಲಿ ಕೂರಿಸಲು ಜಾಗ ಅಳೆದು ಗೂಟ ಹೊಡೆದರು. ನಾನು ಒಂದೊಂದು ಚಮಚ ಕುಡಿಸಿದಷ್ಟೂ ಹೊರಗೆ ಜನ ಹೆಚ್ಚುತ್ತಿದ್ದರು. ಅವಳು ಎದ್ದು ಬರುವ ಹಾದಿ ಅಷ್ಟಷ್ಟೇ ಮುಚ್ಚುತ್ತಿತ್ತು.

ಹದಿನಾಲ್ಕನೆಯ ದಿನ ನಾನು ರುದ್ರಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಹೆತ್ತ ತಾಯಿ ಬದುಕುತ್ತಾಳೆ ಎಂದರೆ ಯಾವ ಮಗ ಬೇಡ ಅಂದಾನು ಎಂದುಕೊಂಡೆ. ಇಪ್ಪತ್ತನಾಲ್ಕರ ಬುದ್ಧಿ. ಹಿತ್ತಲಲ್ಲಿ ನಿಂತು ಅವನು ಪೂರಾ ಕೇಳಿಸಿಕೊಂಡ. ಸಿಟ್ಟು ಮಾಡಲಿಲ್ಲ.

“ಇದನ್ನ ಇನ್ಯಾರಿಗಾದ್ರೂ ಹೇಳೀರೇನು?” ಎಂದು ಕೇಳಿದ.

“ಇಲ್ಲ. ಇವತ್ತೇ ದಾವಣಗೆರಿಗೆ ಕರಕೊಂಡು ಹೋಗಾನ. ನಾನೂ ಬರ್ತೀನಿ.”

“ನರ್ಸಮ್ಮಾರೆ, ಸುಮಿತ್ರ ಸತ್ತಾಗ ನಮ್ಮ ಮನಿ ಕಡೆ ಒಂದು ನಾಯೀನೂ ಹಾಯಲಿಲ್ಲ. ಇವತ್ತು ನಾಕು ಊರು ಬಂದು ನಿಂತೈತೆ. ನಮ್ಮವ್ವ ಒಳಗೆ ಗಂಜಿ ಕುಡೀತಿದ್ಲು ಅಂತ ನಾನು ಗುಡಿ ಮುಂದೆ ನಿಂತು ಹೇಳ್ಲಾ? ಕೊಲೆಗಡುಕಿ ಅಂದಿದ್ರು, ಇನ್ನು ಮೇಲೆ ಕಳ್ಳಿ ಅಂತಾರೆ. ಆಯಮ್ಮ ಅದನ್ನ ತಡಕೊಂತಾಳಾ?”

ಅವನು ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹೇಳುತ್ತಾ ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ಒಳಗೆ ಹೋಗಿ ತಾಯಿಯ ಹತ್ತಿರ ಬಾಗಿಲು ಹಾಕಿಕೊಂಡು ಮಾತಾಡಿದ. ಮಧ್ಯಾಹ್ನದಿಂದ ಆ ಕೋಣೆಯಲ್ಲಿ ಇಬ್ಬರು ಹೆಂಗಸರು ಸರದಿಯಲ್ಲಿ ಕೂತರು. ಸೂಜಿ ಇನ್ನು ಬೇಡ ಎಂದು ನನಗೆ ಹೇಳಿ ಕಳಿಸಿದರು.

ಎರಡು ದಿನ ಬಿಟ್ಟು, ಕಾವಲಿನ ಹೆಂಗಸರು ಮಂಗಳಾರತಿಗೆ ಎದ್ದು ಹೋದ ಹೊತ್ತು ನೋಡಿ ಹಿತ್ತಲ ಕಡೆಯ ಕಿಟಕಿಗೆ ಹೋದೆ. ಹಾಸಿಗೆ ಅದರ ಪಕ್ಕದಲ್ಲೇ ಇತ್ತು. ಕೈಯಲ್ಲಿ ಗಂಜಿಯ ಲೋಟ.

“ದೊಡ್ಡಮ್ಮ, ತಗೋರಿ.”

“ಬ್ಯಾಡ ನಮ್ಮವ್ವಾ. ಮಗ ಕೈ ಮುಗಿದ. ಹೆತ್ತ ಮಗ ನನಗೆ ಕೈ ಮುಗಿದು ಕೂತ.”

“ಅವ್ರ ಮಾತು ಬಿಡ್ರಿ. ನಿಮಗೆ ಕಾಯಿಲೆ ಐತೆ, ಅದಕ್ಕೆ ಮಾತ್ರೆ ಐತೆ. ವಾಸಿ ಮಾಡ್ಕೊಂಡು ಬರಾನ.”

ಅವಳು ನನ್ನ ಕಡೆ ತಿರುಗಿದಳು. “ವಾಸಿ ಮಾಡ್ಕೊಂಡು ಬಂದು ಯಾರ ಮನಿಗೆ ಹೋಗ್ಲಿ? ಈಗ ಬರೋರು ಅವಾಗ ಬರ್ತಾರಾ?”

ಬರ್ತಾರೆ ಎಂದು ಸುಳ್ಳಾದರೂ ಹೇಳಬಹುದಿತ್ತು. ಯಾರು ಬರದಿದ್ದರೂ ನಾನು ಬರ್ತೀನಿ, ನನ್ನ ಜೊತೆ ಹೆರಿಗೆಗೆ ನಡೀರಿ, ನಿಮ್ಮ ಕೈಗೂ ಗ್ಲೌಸು ಹಾಕ್ತೀನಿ ಎಂದು ಹೇಳಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಈ ಮಾತು ನನಗೆ ಹೊಳೆದದ್ದು ವರ್ಷಗಳಾದ ಮೇಲೆ. ಅವತ್ತು ಹೆಜ್ಜೆ ಸಪ್ಪಳ ಕೇಳಿತು, ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ಬಂದುಬಿಟ್ಟೆ. ಹೊನ್ನಾಳಿಗೆ ಓಡಿ ಹೋಗಿ ಡಾಕ್ಟರನ್ನು ಜೀಪಿನಲ್ಲಿ ಕರೆತರಬಹುದಿತ್ತು. ಊರು ನನ್ನನ್ನು ಓಡಿಸುತ್ತದೆ, ಮೇಲಿನವರಿಗೆ ಅರ್ಜಿ ಬರೆಯುತ್ತದೆ ಎಂಬ ಭಯ. ಒಂದು ನೌಕರಿಯ ಭಯ, ಅಷ್ಟೆ.

ಅವಳು ನೀರನ್ನೂ ಬಿಟ್ಟಳು. ಹತ್ತೊಂಬತ್ತನೆಯ ದಿನ, ಶುಕ್ರವಾರ ಮಧ್ಯಾಹ್ನ ಹೋದಳು. ಅವರು ಗೊತ್ತು ಮಾಡಿದ್ದ ಸೋಮವಾರದವರೆಗೂ ಕಾಯಲಿಲ್ಲ. ಅದಕ್ಕೂ ಶಾಸ್ತ್ರಿಗಳು ಏನೋ ಅರ್ಥ ಹೇಳಿದರು. ಕುರ್ಚಿಯಲ್ಲಿ ಕೂರಿಸಿ, ಹೂವಿನಲ್ಲಿ ಮುಚ್ಚಿ, ಭಜನೆಯಲ್ಲಿ ಒಯ್ದರು. ಬಸಪ್ಪ ಹೆಗಲು ಕೊಟ್ಟಿದ್ದ.

ಮುಂದೆ ಎಂಬತ್ತರ ದಶಕದಲ್ಲಿ ನನಗೆ ಉಬ್ರಾಣಿ ಕಡೆ ವರ್ಗವಾಯಿತು. ಅಲ್ಲೊಬ್ಬ ಅಜ್ಜ ತೊಂಬತ್ತು ದಾಟಿದವರು, ಗಂಟಲಲ್ಲಿ ಗಡ್ಡೆ, ಆಸ್ಪತ್ರೆಯವರು ಕೈ ಬಿಟ್ಟಿದ್ದರು. ಇನ್ನು ಸಾಕು, ನಳಿಕೆ ಹಾಕಬೇಡಿ, ಮನೆಯಲ್ಲಿರುತ್ತೇನೆ ಎಂದು ತಾವೇ ಹೇಳಿ, ಮೊಮ್ಮಕ್ಕಳನ್ನು ಗೇಲಿ ಮಾಡುತ್ತಾ, ಬಂದವರ ಯೋಗಕ್ಷೇಮ ಕೇಳುತ್ತಾ ಹೋದರು. ಯಾರಾದರೂ ಚಮಚ ಹಿಡಿದು ಹೋದರೆ ಬೇಡ ಅನ್ನುವ, ಬೇಕು ಅನ್ನುವ ಎರಡೂ ದಾರಿ ಅವರಿಗೆ ತೆರೆದಿತ್ತು. ಅವರನ್ನು ನೋಡಿದ ಮೇಲೆ ಹಾಲಮ್ಮನದು ಎಂಥ ಸಾವು ಎಂದು ನನಗೆ ಪೂರಾ ತಿಳಿಯಿತು. ಅವಳದ್ದು ತ್ಯಾಗವಾಗಿರಲಿಲ್ಲ. ಬದುಕಿದ್ದಾಗ ಸಿಗದ ಮರ್ಯಾದೆಯನ್ನು ಸಾಯುತ್ತೀಯಾದರೆ ಕೊಡುತ್ತೇವೆ ಎಂದು ನಾವೆಲ್ಲ ಸೇರಿ ಅವಳ ಮುಂದೆ ಇಟ್ಟೆವು. ಹುಷಾರಿಲ್ಲದ ಹೆಂಗಸು, ತೆಗೆದುಕೊಂಡಳು.

ಹಾಲಮ್ಮ ಹೋದ ತಿಂಗಳ ಕೊನೆಗೆ ಜನನ ಮರಣದ ವರದಿ ತುಂಬಬೇಕಿತ್ತು. ರುದ್ರಪ್ಪ ಕೋಣೆಗೆ ಬಂದು, “ವಯಸ್ಸು ಎಪ್ಪತ್ತು ಅಂತ ಬರೀರಿ” ಅಂದ. ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ಅವನು ಹೇಳಲಿಲ್ಲ. ನಾನೇ ‘ವೃದ್ಧಾಪ್ಯ’ ಎಂದು ಬರೆದೆ.

ಹೊನ್ನಾಳಿಯ ಮೀಟಿಂಗಿನಲ್ಲಿ ಡಾಕ್ಟರು ನನ್ನ ವರದಿಯ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಹಾಲಮ್ಮನ ಹೆಸರಿದ್ದ ಹಾಳೆಯನ್ನೂ ನೋಡಿದರು. ಸಹಿ ಹಾಕಲು ಪೆನ್ನು ತೆರೆದವರು ಏನೋ ನೆನಪಾಗಿ ತಲೆ ಎತ್ತಿದರು.

“ಹೋದ ಸಲ ಒಬ್ಬರ ವಿಷಯ ಹೇಳಿದ್ದೆಯಲ್ಲಮ್ಮ, ಮನಸ್ಸಿನ ಕಾಯಿಲೆ ಅಂತ. ಕರಕೊಂಡೇ ಬರಲಿಲ್ಲ. ದಾವಣಗೆರೆಗೆ ಕಾಗದ ಬರೆದಿಟ್ಟಿದ್ದೀನಿ.”

“ಈಗ ವಾಸಿ ಆಗೈತೆ ಸಾರ್” ಅಂದೆ.

“ಹೌದಾ? ಒಳ್ಳೇದಾಯ್ತು. ಊಟ ಮಾಡ್ತಾರಾ?”

“ಮಾಡ್ತಾರೆ ಸಾರ್.”

ಅವರು ಸಹಿ ಹಾಕಿ ಹಾಳೆ ಮಡಚಿ ನನ್ನ ಕೈಗೆ ಕೊಟ್ಟರು.